ಕೊಂಬಿಲ್ಲದ ಬಸರಿ

ಶಿರಸಿ, 2 ಡಿಸೆಂಬರ್ 2024

ಅಕ್ಕ ದೇವಕ್ಕನಿಗೆ ತಮ್ಮ ಶಂಭುಲಿಂಗನ ಶರಣಾರ್ಥಿ.

ಇತ್ತ ಎಲ್ಲ ಕ್ಷೇಮ. ಕೈಯಲ್ಲಿ ಫೋನು ಇಟ್ಟುಕೊಂಡವನು ಕಾಗದ ಯಾಕೆ ಬರೆಯುತ್ತಾನೆ ಎಂದು ನಗಬೇಡ. ಫೋನಿನಲ್ಲಿ ನಾನು ಕೂಗಿದ್ದೆಲ್ಲ ನಿನ್ನ ಕಿವಿಗೆ ಗುಂಯ್ ಎನ್ನುತ್ತದೆ. ನಿನ್ನ ಮಗ್ಗುಲ ಮನೆಯ ತನುಜಾಳಿಗೆ ಮಾತ್ರ ಅಕ್ಷರ ಬಿಡದೆ ಕೇಳುತ್ತದೆ.

ಶಿವರಂಜನಿ ದೀಪಾವಳಿಗೆ ಬಂದವಳು ಇಲ್ಲೇ ಉಳಿದಿದ್ದಾಳೆ. ಸೊಂಟದ ನೋವು. ಮಲಗಿರಬೇಕು ಎಂದು ಡಾಕ್ಟರು ಹೇಳಿದ್ದಾರೆ, ಮಲಗಿದ್ದಾಳೆ. ಅಳಿಯ ಶರಣ ಶನಿವಾರ ಹಾನಗಲ್ಲಿನಿಂದ ಬಂದು ಭಾನುವಾರ ಹೋಗುತ್ತಾನೆ. ಅಡಿಗೆ ನನ್ನದು. ನನ್ನ ನೀಲವ್ವ ತೀರಿಕೊಂಡ ಮೇಲೆ ನಾನು ಕಲಿತದ್ದು ಅನ್ನ, ಸಾರು, ಆಮೇಲೆ ನಿನ್ನೆಯ ಸಾರು.

ಮೊನ್ನೆ ಶಿವರಂಜನಿ ಅಂದಳು, ‘ಗ್ವಾಡಿ ಮ್ಯಾಲೆ ಎಲ್ಲೆಲ್ಲಿ ಸುಣ್ಣ ಉದುರೈತಿ ಅಂತ ಬಾಯಿಪಾಠ ಆಗೇತಿ ಅಪ್ಪಾ.’ ನನಗೆ ತಡೆಯಲಾಗಲಿಲ್ಲ. ಹಿಂದೊಮ್ಮೆ ಫಲಪುಷ್ಪ ಪ್ರದರ್ಶನದಲ್ಲಿ ನೋಡಿದ್ದು ನೆನಪಾಯಿತು. ಜಪಾನಿನವರು ಊಟದ ತಾಟಿನಷ್ಟು ಜಾಗದಲ್ಲಿ ಇಡೀ ತೋಟ ಮಾಡುತ್ತಾರೆ. ಸಣ್ಣ ಗಿಡ, ಮೂರು ಕಲ್ಲು, ಹಾವಸೆ, ಉಳಿದದ್ದು ಬಿಳಿ ಮರಳು. ಮರಳಿನ ಮೇಲೆ ಬಾಚಣಿಗೆಯಿಂದ ಗೆರೆ ಎಳೆದರೆ ಅದೇ ನದಿ. ನೀರಿಲ್ಲದ ನದಿ! ಅಂದು ಕೊಟ್ಟ ಇಂಗ್ಲಿಷ್ ಕರಪತ್ರ ನನ್ನಲ್ಲೇ ಇತ್ತು. ಬಿ.ಎ. ಎರಡನೇ ವರ್ಷದ ತನಕ ಇಂಗ್ಲಿಷ್ ಓದಿದವನು ನಾನು, ಆಸ್ ಯು ನೋ. ಮುಕ್ಕಾಲು ಪಾಲು ತಿಳಿಯಿತು. ನೀರು ‘ಸ್ಪೇರಿಂಗ್‌ಲಿ’ ಕೊಡಬೇಕಂತೆ. ಇಷ್ಟು ವರ್ಷ ಲಾರಿ ಸ್ಪೇರ್ ಪಾರ್ಟ್ ಮಾರಿದವನಿಗೆ ಸ್ಪೇರ್ ಎಂದರೆ ಗೊತ್ತಿಲ್ಲವೇ? ಮಿಕ್ಕ ನೀರು. ಅಕ್ಕಿ ತೊಳೆದದ್ದು, ತಂಬಿಗೆಯಲ್ಲಿ ಉಳಿದದ್ದು.

ಅಂಗಡಿಯಲ್ಲಿ ಬೇರಿಂಗುಗಳನ್ನು ಡೀಸೆಲ್ಲಿನಲ್ಲಿ ನೆನೆಹಾಕುತ್ತಿದ್ದ ಎನಾಮಲ್ ಟ್ರೇ ನೆನಪಿದೆಯಲ್ಲ? ಅದನ್ನೇ ಸಾಬೂನು ಹಾಕಿ ತಿಕ್ಕಿದೆ. ವೆಲ್ಡಿಂಗಿನ ಬೈರ ತಳಕ್ಕೆ ತೂತು ಕೊರೆದುಕೊಟ್ಟ. ಹಾವಸೆಯನ್ನು ಬಾವಿಯ ಕಟ್ಟೆಯಿಂದ ಚಾಕುವಿನಲ್ಲಿ ಎಬ್ಬಿಸಿ ತಂದೆ. ಕಲ್ಲುಗಳು ಶಾಲ್ಮಲೆಯ ದಂಡೆಯವು. ಒಂದು ನಿಂತದ್ದು, ಒಂದು ಕೂತದ್ದು, ಒಂದು ಮಲಗಿದ್ದು. ಖಾಲಿ ಜಾಗಕ್ಕೆ ಮಣ್ಣಿನ ಬಸವಣ್ಣನನ್ನು ಕೂರಿಸಲು ಹೋದರೆ ಶಿವರಂಜನಿ ಬಿಡಲಿಲ್ಲ. ಖಾಲಿಯೂ ತೋಟವೇ ಎಂದು ಕರಪತ್ರದಲ್ಲಿದೆಯಂತೆ. ಎಲ್ಲವನ್ನೂ ತುಂಬಿಬಿಡುವ ಚಟ ನಿಮ್ಮದು ಎಂದಳು.

ಇನ್ನು ಗಿಡವೊಂದು ಬಾಕಿ. ಆಲ, ಅತ್ತಿ, ಬಸರಿ, ಈ ಜಾತಿಯ ಸಸಿ ಆದರೆ ಕುಂಡದಲ್ಲಿ ಬಾಳುತ್ತದಂತೆ. ಹುಡುಕುತ್ತಿದ್ದೇನೆ.

ಶಂಭು

•

ಶಿರಸಿ, 14 ಡಿಸೆಂಬರ್ 2024

ಅಕ್ಕಾ,

ಅಂಚೆ ಹೊರಡುವ ಹೊತ್ತು, ಅವಸರದಲ್ಲಿ ನಾಲ್ಕು ಸಾಲು. ಅಂತೂ ನಮ್ಮ ಮನೆಯಲ್ಲಿ ಬಸರಿ. ಇನ್ನೂ ಎಳೆಯ ಸಂಗತಿ. ಬೇರು ಹಿಡಿಯುವ ತನಕ ಯಾರ ಮುಂದೂ ಆಡಬಾರದು ಎಂದು ಶಿವರಂಜನಿ ಆಣೆ ಹಾಕಿಸಿದ್ದಾಳೆ. ಓಣಿಯವರ ಬಾಯಿ ನಿನಗೆ ಗೊತ್ತು. ಬೆಳಗ್ಗೆ ಕಿಟಕಿಯ ಹತ್ತಿರ ಕೂರಿಸಿ ದಿನಕ್ಕೆ ಅರ್ಧ ಸುತ್ತು ತಿರುಗಿಸುತ್ತೇನೆ. ಮಿಕ್ಕ ನೀರು ಮಾತ್ರ. ತಂತಿ ಹಾಕಿಸಬೇಕಂತೆ, ಅದಕ್ಕೆ ನನ್ನ ಧೈರ್ಯ ಸಾಲದು. ರಾತ್ರಿ ಎದ್ದೆದ್ದು ನೋಡುತ್ತೇನೆ.

ಶಂಭು

•

ಯಲ್ಲಾಪುರ, 20 ಡಿಸೆಂಬರ್ 2024

ಚಿರಂಜೀವಿ ಶಂಭುವಿಗೆ ದೇವಕ್ಕ ಮಾಡುವ ಆಶೀರ್ವಾದ.

ನಿನ್ನ ಚೀಟಿಯನ್ನು ಎದೆಗೆ ಒತ್ತಿಕೊಂಡು ದೇವರ ಕೋಣೆಯಲ್ಲಿ ಕೂತೆ. ಮೊದಲಿನ ಕಾಗದವನ್ನು ತನುಜಾ ಓದಿದ್ದಳು. ಜಪಾನಿನವರ ತಾಟಿನ ತೋಟದ ತನಕ ಬಂದಾಗ ಸಾಕು, ಇವನ ಪುರಾಣ ಮುಗಿಯುವುದಲ್ಲ ಎಂದು ನಿಲ್ಲಿಸಿಬಿಟ್ಟೆ. ಈ ಚೀಟಿಯಲ್ಲಿ ‘ಯಾರ ಮುಂದೂ ಆಡಬಾರದು’ ಎಂಬ ಸಾಲು ಕಂಡದ್ದೇ ನಾನೇ ಭೂತಗನ್ನಡಿ ಹಿಡಿದು ಓದಿದೆ. ಬಸುರಿ ಎಂದು ಬರೆಯುವಾಗಲೂ ಕೊಂಬು ಬಿಟ್ಟಿದ್ದೀಯಲ್ಲೋ! ಶಾಲೆಯಲ್ಲಿ ಕಲ್ಲಯ್ಯ ಮಾಸ್ತರರು ನಿನ್ನ ಕಿವಿ ಹಿಂಡುತ್ತಿದ್ದದ್ದು ಇದಕ್ಕೇ. ‘ಸ’ಕ್ಕೆ ಕೊಂಬು ಕೊಡು.

ಸೊಂಟದ ನೋವು ಅಂದೆ ನೀನು. ನಾನು ನಂಬಿದೆ. ಇರಲಿ, ಸಿಟ್ಟಿಲ್ಲ. ಎರಡು ಸಲವೂ ನಾಲ್ಕನೆಯ ತಿಂಗಳಲ್ಲೇ ಕೈತಪ್ಪಿತು. ಹೋದ ಸಲ ನಾನು ತಡೆಯಲಾರದೆ ಹಸಿರು ಬಳೆ, ಕುಬುಸದ ಖಣ ಹೊತ್ತುಕೊಂಡು ಮೂರು ತಿಂಗಳಿಗೇ ಓಡಿ ಬಂದೆ, ಓಣಿಗೆಲ್ಲ ಹೋಳಿಗೆ ಹಂಚಿದೆ. ಆಮೇಲೆ ಶಿವರಂಜನಿ ನನ್ನ ಮುಖ ನೋಡಲಿಲ್ಲ. ಈ ಸಲ ನೀವು ಕರೆಯುವ ತನಕ ಈ ಊರು ಬಿಡುವುದಿಲ್ಲ.

ಆದರೆ ನಿನ್ನ ಚೀಟಿಯನ್ನು ಎರಡು ಸಲ ಓದಿದೆ. ಅವಳನ್ನು ಅರ್ಧ ಸುತ್ತು ತಿರುಗಿಸುವುದೆಂದರೇನು? ಯಾವ ಡಾಕ್ಟರು ಹೇಳಿದರು? ಬಸುರಿಗೆ ಮಿಕ್ಕ ನೀರು ಕೊಡುತ್ತಾರೇನೋ, ಕಾಯಿಸಿ ಆರಿಸಿದ್ದು ಕೊಡು. ಹೋದ ಸಲ ಗರ್ಭದ ಬಾಯಿಗೆ ಹೊಲಿಗೆ ಹಾಕಬೇಕಿತ್ತು ಎಂದಿದ್ದರು, ಈಗ ಅದನ್ನೇ ತಂತಿ ಎನ್ನುತ್ತಾರೆಯೇ? ಹಾಕಿಸು. ಹೆದರಬೇಡ.

ಹಳೆಯ ಸೀರೆಗಳನ್ನು ಹೊರಗೆ ತೆಗೆದಿದ್ದೇನೆ. ಸಣ್ಣದೊಂದು ಕೌದಿ ಹೊಲಿಯಬೇಕು. ಯಾರಾದರೂ ಕೇಳಿದರೆ ಕಾಲೊರೆಸು ಎನ್ನುತ್ತೇನೆ.

ನಿನ್ನ ಅಕ್ಕ

•

ಶಿರಸಿ, 28 ಡಿಸೆಂಬರ್ 2024

ಅಕ್ಕಾ, ಶರಣಾರ್ಥಿ.

ಇತ್ತ ಎಲ್ಲ ಕ್ಷೇಮ. ನಿನ್ನ ಕಾಗದ ಓದಿದ ಕೂಡಲೇ ಬರೆಯಲು ಕೂತೆ. ನೀನು ತಪ್ಪು ತಿಳಿದಿದ್ದೀ. ನಾನು ಬರೆದದ್ದು ಬಸರಿ. ಮರ. ಗೋಳಿ, ಅತ್ತಿ ಇದ್ದ ಹಾಗೆ ಬಸರಿ ಮರ. ಕೊಂಬು ಬಿಟ್ಟದ್ದಲ್ಲ, ಅದಕ್ಕೆ ಕೊಂಬೇ ಇಲ್ಲ. ನನ್ನ ಹಳೆಯ ಅಂಗಡಿಯ ಸಜ್ಜಾದ ಬಿರುಕಿನಲ್ಲಿ ಹುಟ್ಟಿತ್ತು, ಗೇಣುದ್ದ. ಯಾವುದೋ ಹಕ್ಕಿಯ ಕೃಪೆ. ಕಿತ್ತು ತಂದು ಟ್ರೇಯಲ್ಲಿ ಕೂರಿಸಿದೆ. ಗೋಡೆ ಒಡೆಯುವ ಗಿಡವನ್ನು ಮನೆಯೊಳಗೆ ತಂದ ಎಂದು ಓಣಿಯವರು ಆಡಿಕೊಂಡಾರೆಂದು ಗುಟ್ಟು ಮಾಡಿದ್ದು. ತಂತಿ ಸುತ್ತುವುದು ರೆಂಬೆಗೆ, ಬೇಕಾದ ಕಡೆ ಬಗ್ಗಲಿ ಎಂದು. ತಿರುಗಿಸುವುದು ಟ್ರೇಯನ್ನು, ಶಾಲ್ಮಲೆಯಿಂದ ತಂದಿಟ್ಟ ಕಲ್ಲುಗಳ ಸಮೇತ.

ಕುಂಡಕ್ಕೆ ಕೂರಿಸುವ ಮೊದಲು ತಾಯಿಬೇರು ಕತ್ತರಿಸಬೇಕು ಎಂದಿದೆ ಕರಪತ್ರದಲ್ಲಿ. ಅದನ್ನು ಶಿವರಂಜನಿಗೆ ಓದಿ ಹೇಳಲಿಲ್ಲ. ಹಿತ್ತಲಿಗೆ ಹೋಗಿ ಕತ್ತರಿಸಿದೆ. ಕತ್ತರಿ ಎತ್ತಿದವನು ಎರಡು ಸಲ ಕೆಳಗಿಟ್ಟಿದ್ದೆ. ವಯಸ್ಸಾಯಿತು ನೋಡು.

ಶಿವರಂಜನಿಯ ಸೊಂಟದ ನೋವು ಹಾಗೇ ಇದೆ. ನೀನು ಸುಮ್ಮನೆ ಆಸೆ ಹೆಚ್ಚಿಸಿಕೊಳ್ಳಬೇಡ. ಇತ್ತ ಎಲ್ಲ ಕ್ಷೇಮ.

ಶಂಭು

•

ಯಲ್ಲಾಪುರ, 6 ಜನವರಿ 2025

ಶಂಭುವಿಗೆ ಆಶೀರ್ವಾದ.

ಮರವಾದರೆ ಮರ. ಈ ಕಣ್ಣಿಗೆ ಪೊರೆ ಬಂದದ್ದು ಗೊತ್ತಿತ್ತು, ಬುದ್ಧಿಗೂ ಬಂದದ್ದು ಈಗ ಗೊತ್ತಾಯಿತು. ಕೌದಿಯನ್ನು ಅರ್ಧಕ್ಕೇ ಪೆಟ್ಟಿಗೆಯಲ್ಲಿ ಇಟ್ಟೆ. ಸೂಜಿ ತೆಗೆಯದೇ ಇಟ್ಟೆ.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ‘ಎಲ್ಲ ಕ್ಷೇಮ’ ಎಂದು ಒಂದು ಸಲ ಬರೆದವನ ಮನೆ ಕ್ಷೇಮ. ಎರಡು ಸಲ ಬರೆದವನ ಮನೆಯಲ್ಲಿ ಏನೋ ಇದೆ. ಮದುವೆಯಾದ ಹುಡುಗಿ ಸೊಂಟದ ನೋವಿಗೆಂದು ಸಂಕ್ರಾಂತಿ ಬಂದರೂ ತವರಿನಲ್ಲಿದ್ದಾಳೆ. ಮಕ್ಕಳಾಗಲಿಲ್ಲ ಎಂದು ಹಾನಗಲ್ಲಿನವರು ಏನಾದರೂ ಅಂದರೇ? ಶರಣ ಕೈ ಮಾಡಿದನೇ? ಹಾಗಿದ್ದರೆ ನನಗೆ ಹೇಳು. ಗಿಡದ ಸುದ್ದಿ ಬರೆದು ನನ್ನ ಕಣ್ಣು ಕಟ್ಟಬೇಡ.

ಶಾಲ್ಮಲೆಯ ಕಲ್ಲು ಎಂದಿದ್ದೆಯಲ್ಲ, ಯಾವ ಕಲ್ಲು? ಲಿಂಗದ ತುಣುಕು ಅಲ್ಲ ತಾನೇ? ಅನುಮಾನವಿದ್ದರೆ ವಾಪಸು ಇಟ್ಟು ಬಾ.

ದೇವಕ್ಕ

•

ಶಿರಸಿ, 25 ಜನವರಿ 2025

ಅಕ್ಕಾ,

ಉತ್ತರ ತಡವಾಯಿತು. ಬರೆಯಲು ಕೂತರೆ ಕೈ ಬರಲಿಲ್ಲ. ಶರಣನ ಮೇಲೆ ಅನುಮಾನ ಪಡಬೇಡ, ಚಿನ್ನದಂಥ ಹುಡುಗ. ಬಂದ ದಿನ ಅವಳ ಮಗ್ಗುಲಲ್ಲಿ ಕೂತು ಚಮಚದಿಂದ ಮರಳಿನ ಗೆರೆ ತಿದ್ದುತ್ತಾನೆ. ಇಬ್ಬರೂ ಸರದಿಯಲ್ಲಿ ಗೆರೆ ಎಳೆಯುತ್ತಾರೆ. ಕಲ್ಲು ಸಾದಾ ಕಲ್ಲು.

ಬಸರಿ ಎಲೆ ಉದುರಿಸುತ್ತಿದೆ ಅಕ್ಕಾ. ಮೊದಲು ಒಂದು ಹಳದಿಯಾಯಿತು, ಆಮೇಲೆ ಸಾಲುಸಾಲಾಗಿ. ಶಿವರಂಜನಿ ಏಳುವ ಮೊದಲೇ ಉದುರಿದ್ದನ್ನು ಆರಿಸಿ ಜೇಬಿಗೆ ಹಾಕಿಕೊಳ್ಳುತ್ತೇನೆ. ಉಳಿದ ಎಲೆಗಳ ಕಡೆಯನ್ನು ಅವಳತ್ತ ತಿರುಗಿಸಿ ಇಡುತ್ತಿದ್ದೆ. ಈಗ ತಿರುಗಿಸಲು ಕಡೆಯೇ ಉಳಿದಿಲ್ಲ. ಬಿಸಿಲು ಬೇಕಂತೆ ಎಂದು ಸುಳ್ಳು ಹೇಳಿ ಟ್ರೇಯನ್ನು ಹಿಂದಿನ ಕೋಣೆಗೆ ಸಾಗಿಸಿದೆ. ಅವಳು ದಿನವೂ ಕೇಳುತ್ತಾಳೆ, ‘ಹೆಂಗೈತಿ ಅಪ್ಪಾ?’ ಚೆನ್ನಾಗಿದೆ ಎನ್ನುತ್ತೇನೆ.

ಅಕ್ಕಿ ತೊಳೆದ ನೀರು, ಕುಡಿದು ಉಳಿದ ನೀರು, ಸಾರಿನ ಪಾತ್ರೆಯ ಮೊದಲ ತೊಳೆ ನೀರನ್ನೂ ಹಾಕಿಬಿಟ್ಟಿದ್ದೇನೆ. ನಾನೇ ಮುಳುಗಿಸಿ ಕೊಂದೆನೇ? ಕರಪತ್ರ ಮತ್ತೆ ಓದಿದೆ. ‘ಡಾರ್ಮಂಟ್’ ಎಂದೇನೋ ಇದೆ. ಕಾಲೇಜಿನ ಹಾಸ್ಟೆಲ್ಲಿಗೆ ಡಾರ್ಮಿಟರಿ ಎನ್ನುತ್ತಿದ್ದರು. ಗಿಡಕ್ಕೂ ಹಾಸ್ಟೆಲ್ಲಿಗೂ ಎಲ್ಲಿಯ ಸಂಬಂಧ? ಅವಳನ್ನು ಕೇಳೋಣವೆಂದರೆ ಯಾಕೆ ಕೇಳಿದಿರಿ ಎಂದಾಳು.

ಅವಳು ಒಮ್ಮೆ ಅಂದಿದ್ದಳು, ಇದು ಉಳಿದರೆ ಎಲ್ಲ ಉಳಿಯುತ್ತದೆ ಅಪ್ಪಾ ಎಂದು. ನಗುತ್ತಲೇ ಅಂದಳು. ನಾನು ನಗಲಿಲ್ಲ. ಈ ನಾಲ್ಕನೆಯ ತಿಂಗಳೊಂದು ದಾಟಿದರೆ ಸಾಕಪ್ಪಾ ಎಂದು ದಿನವೂ ಇಷ್ಟಲಿಂಗದ ಮುಂದೆ ಕೂತಿರುತ್ತೇನೆ.

ಶಂಭು

•

ಯಲ್ಲಾಪುರ, 1 ಫೆಬ್ರವರಿ 2025

ಶಂಭುವಿಗೆ ಅಕ್ಕನ ಆಶೀರ್ವಾದ.

ಡಿಸೆಂಬರಿನಲ್ಲಿ ತಂದ ಸಸಿಗೆ ಜನವರಿಯಲ್ಲೇ ನಾಲ್ಕನೆಯ ತಿಂಗಳು ಬಂದ ಸಾಲನ್ನು ನಾನು ಓದಿಲ್ಲ. ನನ್ನ ಕಣ್ಣು ನಿನಗೆ ಗೊತ್ತಲ್ಲ. ನಾನೇನೂ ಕೇಳುವುದಿಲ್ಲ, ನೀನೂ ಹೇಳಬೇಡ. ಹಾಕಿದ ಆಣೆ ಹಾಕಿದ್ದೇ. ಇದು ಮರದ ಸುದ್ದಿ, ಮರದ ಸುದ್ದಿಯೆಂದೇ ಓದು.

ನಿನ್ನ ಕಾಗದ ಬಂದ ದಿನವೇ ಹೆದ್ದಾರಿಯ ತನಕ ಹೋಗಿ ಬಂದೆ. ಮರದ ನಾಟಾ ತುಂಬಿದ ಲಾರಿಗಳು ನಿಲ್ಲುವಲ್ಲಿ ಒಂದು ದೊಡ್ಡ ಬಸರಿ ಇದೆ. ಇಷ್ಟು ವರ್ಷ ಅದರ ನೆರಳಿನಲ್ಲಿ ಬಸ್ಸಿಗೆ ಕಾದಿದ್ದೇನೆ, ತಲೆ ಎತ್ತಿ ನೋಡಿರಲಿಲ್ಲ. ನೋಡಿದರೆ ಒಂದೇ ಒಂದು ಎಲೆಯಿಲ್ಲ, ಬರೀ ಕಡ್ಡಿ! ಬುಡದಲ್ಲಿ ಚಹಾ ಮಾರುವ ಚೌಡ ನನ್ನನ್ನು ನೋಡಿ ಸ್ಟೂಲು ಕೊಟ್ಟ. ‘ಎಂತಕ್ಕೆ ಕಣ್ಣೊರೆಸ್ಕೊಳ್ತೀರಿ ಅಮ್ಮಾ, ಅದು ವರ್ಷಾ ಹೀಗೇ ಮಾಡ್ತದೆ. ಹಳೇ ಬಟ್ಟೆ ಬಿಚ್ಚಿ ಹೊಸತು ಹುಡುಕ್ತದೆ. ಲಾರಿಯವ್ರು ನೆರಳಿಲ್ಲ ಅಂತ ಬೈಕೊಳ್ತಾರೆ, ಮತ್ತೆ ಇಲ್ಲೇ ನಿಲ್ಲಿಸ್ತಾರೆ’ ಅಂದ.

ಆದ್ದರಿಂದ ನಿನ್ನ ಬಸರಿಯನ್ನು ಅಲ್ಲಿ ಇಲ್ಲಿ ಸಾಗಿಸಬೇಡ, ಇದ್ದಲ್ಲೇ ಇರಲಿ. ಮೆಟ್ಟಿಲು ಹತ್ತಿಸಬೇಡ. ಭಾರ ಹೊರಿಸಬೇಡ. ಅಳಿಸಬೇಡ. ಹೊತ್ತು ಹೊತ್ತಿಗೆ ರಾಗಿ ಗಂಜಿ ಕೊಡು. ಹೌದು, ಮರಕ್ಕೇ. ಸಾರಿನ ಪಾತ್ರೆ ತೊಳೆದ ನೀರು ಮಾತ್ರ ಬೇಡವೋ ಮಾರಾಯ. ಮತ್ತೆ ಟ್ರೇಯನ್ನು ಅವಳ ಕಣ್ಣಮುಂದೆಯೇ ಇಡು. ಬೋಳಾಗಿದ್ದರೂ ಇಡು. ಕಾಣದೇ ಇರುವುದು ಹೆಚ್ಚು ಹೆದರಿಸುತ್ತದೆ. ಅದು ನನಗೆ ಗೊತ್ತು.

ಕೌದಿ ಪೆಟ್ಟಿಗೆಯಲ್ಲೇ ಇದೆ. ಹೊಲಿಯುತ್ತಿಲ್ಲ. ಮುಟ್ಟಿ ನೋಡಿ ಇಡುತ್ತೇನೆ.

ದೇವಕ್ಕ

•

ಶಿರಸಿ, 19 ಫೆಬ್ರವರಿ 2025

ಅಕ್ಕಾ,

ಮರದ ಸುದ್ದಿ.

ಟ್ರೇಯನ್ನು ಅವಳ ಮುಂದಿಟ್ಟೆ. ಬೈಸಿಕೊಳ್ಳಲು ತಯಾರಾಗಿ ನಿಂತೆ. ಅವಳಿಗೆ ಎಲ್ಲ ಗೊತ್ತಿತ್ತು. ಮಲಗಿದ್ದಲ್ಲೇ ನನ್ನ ಅಂಗಿ ಮಡಚುವಾಗ ಜೇಬಿನ ತುಂಬ ಎಲೆ ಸಿಕ್ಕಿತ್ತಂತೆ. ‘ಡಾರ್ಮಂಟ್ ಅಂದ್ರ ಮಕ್ಕೊಂಡೈತಿ ಅಂತ, ಅಪ್ಪಾ. ಸತ್ತೈತಿ ಅಂತಲ್ಲ. ನಾನೂ ಮಕ್ಕೊಂಡೇನಿ, ನೋಡ್ರಿ’ ಅಂದಳು. ಸ್ಪೇರಿಂಗ್‌ಲಿ ಎಂದರೆ ಮಿಕ್ಕದ್ದಲ್ಲವಂತೆ. ಸ್ವಲ್ಪ ಸ್ವಲ್ಪವೇ, ಹಿಡಿತದಲ್ಲಿ. ಮಾತನ್ನೂ ಹಾಗೆ ಆಡುವುದು ಕಲಿಯಿರಿ ಎಂದಳು. ಬಿ.ಎ. ಎರಡನೇ ವರ್ಷ ನೀರು ಪಾಲಾಯಿತು.

ಇದಾಗಿ ಹತ್ತು ದಿನ ಎಲ್ಲ ಸರಿಯಾಗಿತ್ತು. ಕಳೆದ ಶನಿವಾರ ಬೆಳಗ್ಗೆ ಬಸರಿಗೆ ಕೆಂಪು ಕಂಡಿತು. ಮಣ್ಣಿನ ಮೇಲೆ ಕೆಂಪು. ಮುಂದೆ ಬರೆಯಲಾರೆ, ನೀನು ತಿಳಿದುಕೋ. ಪುಣ್ಯಕ್ಕೆ ಶರಣ ಬಂದಿದ್ದ. ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಹುಬ್ಬಳ್ಳಿಗೆ ಹೊರಟೆವು. ರಸ್ತೆ ಕುಲುಕುವುದಿಲ್ಲ ಎಂದು ಯಲ್ಲಾಪುರದ ಮೇಲೆ ಹೋದೆವು. ನಿನ್ನ ಓಣಿಯ ತಿರುವಿನ ಮುಂದೆಯೇ ಹಾದು ಹೋದೆವು ಅಕ್ಕಾ. ನಿಲ್ಲಿಸಲಿಲ್ಲ. ನಾನು ಆ ಕಡೆ ನೋಡಲೂ ಇಲ್ಲ.

ಲಾರಿಗಳಿಗೆ ದಾರಿ ಬಿಡಲು ಶರಣ ನಿಧಾನ ಮಾಡಿದ. ಮಲಗಿದ್ದವಳಿಗೆ ಕಿಟಕಿಯಲ್ಲಿ ಆಕಾಶ ಬಿಟ್ಟರೆ ನಿನ್ನ ಆ ಮರ ಮಾತ್ರ ಕಾಣುತ್ತಿತ್ತು. ನನ್ನ ಕೈ ಹಿಡಿದು ಅಂದಳು, ‘ಅಪ್ಪಾ, ತುದಿಯೊಳಗ ಕೆಂಪಗೈತಿ.’ ನಾನು ಕೆಂಪು ಎಂಬ ಮಾತಿಗೇ ಬೆಚ್ಚಿಬಿದ್ದೆ. ಬಗ್ಗಿ ನೋಡಿದರೆ ಚಿಗುರು. ಕಡ್ಡಿ ಕಡ್ಡಿಯ ತುದಿಯಲ್ಲೂ ಕೆಂಪು ಚಿಗುರು.

ಹುಬ್ಬಳ್ಳಿಯಲ್ಲಿ ದೊಡ್ಡ ಡಾಕ್ಟರು ನೋಡಿದರು. ಹೌದು, ಮರವನ್ನೇ. ಹೋದ ತಿಂಗಳು ಹಾಕಿಸಿದ ತಂತಿ ಗಟ್ಟಿಯಾಗಿದೆ, ಬೇರು ಸಡಿಲವಾಗಿಲ್ಲ ಎಂದರು. ಗುಂಡಿಗೆ ಬಡಿಯುವುದನ್ನು ಪೆಟ್ಟಿಗೆಯಲ್ಲಿ ಕೇಳಿಸಿದರು. ಕುದುರೆ ಓಡಿದ ಹಾಗೆ. ಬಸರಿ ಮರಕ್ಕೂ ಗುಂಡಿಗೆ ಇರುತ್ತದೆ ಎಂದು ಯಾವ ಕಾಲೇಜಿನಲ್ಲೂ ಹೇಳಿರಲಿಲ್ಲ.

ಎರಡು ದಿನ ಇಟ್ಟುಕೊಂಡು ಕಳಿಸಿದರು. ಇನ್ನೂ ಹೇಳಲಾಗದು ಎಂದಿದ್ದಾರೆ. ಕಕ್ಕಸಿನಿಂದ ಅವಳು ಕರೆದರೆ ಈಗಲೂ ಉಣ್ಣುತ್ತಿದ್ದ ತಾಟು ಬಿಟ್ಟು ಓಡುತ್ತೇನೆ.

ಶಂಭು

•

ಯಲ್ಲಾಪುರ, 24 ಫೆಬ್ರವರಿ 2025

ಶಂಭು,

ಆ ಶನಿವಾರ ನಾನು ಮರದ ಬುಡದಲ್ಲೇ ಇದ್ದೆ. ಚಿಗುರು ಬಂತೋ ಎಂದು ದಿನವೂ ಹೋಗುತ್ತಿದ್ದೆ. ಶರಣನ ಜೀಪು ಗುರುತು ಸಿಕ್ಕಿತು, ಕಿಟಕಿಯಲ್ಲಿ ನಿನ್ನ ಮುಖವೂ. ಕೈ ಎತ್ತಬೇಕೆನಿಸಿತು. ಕರೆಯದೆ ಬರುವುದಿಲ್ಲ ಎಂದಿದ್ದೆನಲ್ಲ, ಮರದ ಆ ಮಗ್ಗುಲಿಗೆ ಸರಿದು ನಿಂತೆ. ನೀವು ಹೋದ ಮೇಲೆ ಚೌಡ ಚಹಾ ಕೊಟ್ಟ. ಕುಡಿಯಲಾಗಲಿಲ್ಲ.

ಒಂದು ವಾರ ಅಂಚೆಯವನ ದಾರಿ ಕಾದೆ. ಇನ್ನು ಮೇಲೆ ಹೀಗೆ ತಡ ಮಾಡಬೇಡ. ಬರೆಯಲು ಏನೂ ಇಲ್ಲದಿದ್ದರೆ ಖಾಲಿ ಕಾಗದವನ್ನಾದರೂ ಕಳಿಸು. ಖಾಲಿಯೂ ತೋಟವೇ ಎಂದು ನೀನೇ ಬರೆದಿದ್ದೀ. ಆ ಮೊದಲ ಕಾಗದವನ್ನು ಈಗ ಪೂರ್ತಿ ಓದಿದೆ.

ಅಕ್ಕ

•

ಶಿರಸಿ, 18 ಮಾರ್ಚ್ 2025

ಅಕ್ಕ ದೇವಕ್ಕನಿಗೆ ಶರಣಾರ್ಥಿ.

ನಮ್ಮ ಟ್ರೇಯ ಬಸರಿ ಕೂಡ ಚಿಗುರಿತು. ದೊಡ್ಡ ಮರಕ್ಕಿಂತ ತಡ, ಅಕ್ಕಿ ಕಾಳಿನಷ್ಟು ಚಿಗುರು. ಇದಕ್ಕೆ ತಂತಿ ಸುತ್ತಲೇ ಇಲ್ಲ, ಹೇಗೆ ಬೇಕೋ ಹಾಗೆ ಬಗ್ಗಲಿ ಎಂದು ಬಿಟ್ಟೆವು. ಮೂರು ಕಲ್ಲುಗಳಲ್ಲಿ ಮಲಗಿದ್ದದ್ದನ್ನು ಶಿವರಂಜನಿ ಸ್ವಲ್ಪ ಸರಿಸಿ ನದಿಯ ಗೆರೆಯನ್ನು ಅದರ ಸುತ್ತ ತಂದಿದ್ದಾಳೆ.

ಹುಬ್ಬಳ್ಳಿಯವರು ಮತ್ತೆ ನೋಡಿದರು. ಇನ್ನೂ ಮಲಗಿಯೇ ಇರಬೇಕು. ಹೆದರಿಕೆ ಹೋಗಿದೆ ಎಂದರೆ ಸುಳ್ಳಾಗುತ್ತದೆ, ಅದೂ ನಮ್ಮ ಮನೆಯಲ್ಲೇ ಉಣ್ಣುತ್ತಿದೆ. ಆದರೆ ನಿನ್ನೆ ಅವಳೇ ಅಂದಳು, ‘ದೇವಕ್ಕ ಅತ್ತೆಗೆ ಬರೀರಿ ಅಪ್ಪಾ. ಹಸಿರು ಬಳಿ ತರ್ಲಿ. ಮರದ ಹಿಂದ ನಿಂದ್ರೂದು ಸಾಕು ಅನ್ರಿ.’

ಅರ್ಧಕ್ಕೆ ನಿಂತ ಕೌದಿಯನ್ನೂ ತಾ. ಸೂಜಿ ಅದರಲ್ಲೇ ಇದೆ ಅಂದಿದ್ದೆಯಲ್ಲ, ಬಸ್ಸಿನಲ್ಲಿ ಜೋಕೆ.

ಸ್ಪೇರಿಂಗ್‌ಲಿ ಬರೆಯುತ್ತೇನೆ, ಇನ್ನು ಒಂದೇ ಸಾಲು. ಶಿವರಂಜನಿ ಬಸುರಿ. ‘ಸ’ಕ್ಕೆ ಕೊಂಬು ಕೊಟ್ಟು ಮೇಲೊಂದು ಸಲ ತಿದ್ದಿದ್ದೇನೆ. ಕಣ್ಣಿಗೆ ಕಾಣದಿದ್ದರೆ ತನುಜಾಳ ಕೈಗೆ ಕೊಡು, ಗಟ್ಟಿಯಾಗಿ ಓದಲಿ.

ಶಂಭು